ಚೀಲದ ತೂಕ

ಕಬಡ್ಡಿಯಲ್ಲಿ ಹಿಡಿಯುವ ಕಡೆಯವರು ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲುತ್ತಾರೆ. ಎಡಗಡೆಯ ಮೂಲೆಯಲ್ಲಿ ನನ್ನ ಗೆಳತಿ, ಅವಳ ಪಕ್ಕದಲ್ಲಿ ನಾನು. ಹೈಸ್ಕೂಲಿನಿಂದ ಹಿಡಿದು ಜಿಲ್ಲಾ ತಂಡದವರೆಗೆ ನಮ್ಮ ಜಾಗ ಬದಲಾಗಲಿಲ್ಲ. ಅವಳ ಮನೆ ನವಲಗುಂದದಲ್ಲಿತ್ತು. ಮನೆಯ ಹೆಂಗಸರೆಲ್ಲ ಜಮಖಾನ ನೇಯುವವರು. ಚಿಕ್ಕಂದಿನಿಂದ ನೂಲು ಬಡಿಯುವ ಕಬ್ಬಿಣದ ಪಂಜಾ ಹಿಡಿದು ಅವಳ ಅಂಗೈ ಗಟ್ಟಿಯಾಗಿತ್ತು. ನಾನು ಬಾಜೂ ಹಳ್ಳಿಯ ಒಕ್ಕಲುತನದ ಮನೆಯವಳು. ಎದುರಿನ ಹುಡುಗಿ ರೇಡಿಗೆ ಬಂದಾಗ ಯಾವ ಕ್ಷಣಕ್ಕೆ ಮುನ್ನುಗ್ಗಬೇಕು ಎಂದು ಅವಳು ಬಾಯಿಂದ ಹೇಳುತ್ತಿರಲಿಲ್ಲ, ನನ್ನ ಬೆರಳು ಒತ್ತುತ್ತಿದ್ದಳು. ನಾನು ನುಗ್ಗುತ್ತಿದ್ದೆ. ಅವಳ ಅಂದಾಜು ತಪ್ಪಿದ್ದು ಬಹಳ ಕಡಿಮೆ.

ಅವಳು ಯಾರನ್ನೂ ಸುಮ್ಮನೆ ನಂಬುವವಳಲ್ಲ. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ತೂಗುವ ಮೊದಲು ತಕ್ಕಡಿಯ ತಟ್ಟೆ ಎತ್ತಿ ತಳ ನೋಡುತ್ತಿದ್ದಳು. "ಸೀಟ್ ಐತಿ ಬರ್ರಿ" ಎಂದು ಕಂಡಕ್ಟರ್ ಕರೆದರೆ ಕಿಟಕಿಯಿಂದ ಇಣುಕಿ ನೋಡಿಯೇ ಬಸ್ಸು ಹತ್ತುವುದು. ಒಮ್ಮೆ ನಾನು ರೇಗಿದ್ದೆ.

"ನಿನಗ ಮಂದಿ ಮ್ಯಾಲೆ ಒಂದೀಟರೆ ನಂಬಿಕಿ ಬ್ಯಾಡೇನ?"

"ನಂಬಿಕಿ ಐತಿ. ಮೊದಲು ನೋಡತೀನಿ, ಆಮ್ಯಾಲೆ ನಂಬತೀನಿ. ನೀ ಮೊದಲು ನಂಬತಿ, ಆಮ್ಯಾಲೆ ಅಳತಿ."

ಹೋದ ವರ್ಷ ಹೆಸರುಕಾಳು ಬಿಡಿಸುವ ಕಾಲದಲ್ಲಿ ಅವಳು ತೀರಿಕೊಂಡಳು. ಹೊಟ್ಟೆಯೊಳಗಿನ ಗಡ್ಡೆ. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲೂ ಅವಳು ಸಲೈನಿನ ಬಾಟಲಿ ಮೇಲಿನ ಚೀಟಿ ಓದಿಸಿಕೊಂಡೇ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ಅವಳ ಈ ರೂಢಿ ನನಗೆ ಅಂಟಿತು. ನಾನು ಬ್ಲೌಸ್ ಹೊಲಿಯುವವಳು; ಬಟ್ಟೆ ತಂದವರು ಒಂದು ಮೀಟರ್ ಎಂದರೆ ಹೌದೆಂದು ಮಡಚಿಡುತ್ತಿದ್ದವಳು. ಈಗ ಅವರ ಎದುರೇ ಟೇಪು ಹಿಡಿಯುತ್ತೇನೆ. ಅವರಿಗೆ ಬೇಸರವಾಗುವುದು ಕಾಣುತ್ತದೆ. ಆದರೂ ಹಿಡಿಯುತ್ತೇನೆ.

ನಾವು ಆಡುವುದು ಬಿಟ್ಟು ಬಹಳ ವರ್ಷಗಳಾಗಿದ್ದವು. ನನಗೆ ಮದುವೆ, ಮಕ್ಕಳು, ಹೊಲಿಗೆ ಮಷೀನು. ಅವಳು ಖಾಸಗಿ ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿ, ಮದುವೆಯಾಗದೆ, ಅಕ್ಕನ ಜೊತೆ ಇದ್ದಳು. ಒಂದು ಸಲ ಕುಂದಗೋಳ ಕಡೆಯ ಹಳ್ಳಿಯೊಂದರಲ್ಲಿ ಹುಡುಗಿಯರ ಕಬಡ್ಡಿ ಇದೆ ಎಂದು ಇಬ್ಬರೂ ನೋಡಲು ಹೋದೆವು. ನಮ್ಮ ಕಡೆ ಹಳ್ಳಿಯ ಟೂರ್ನಮೆಂಟುಗಳು ತೂಕದ ಮೇಲೆ ನಡೆಯುತ್ತವೆ. ಐವತ್ತೈದು ಕೆಜಿ ಎಂದರೆ ತಂಡದ ಯಾರೂ ಅದನ್ನು ದಾಟಬಾರದು. ಅಲ್ಲಿ ಹುಡುಗಿಯರನ್ನು ಬಯಲಿನಲ್ಲಿ ನಿಲ್ಲಿಸಿ ಗಂಡಸರು ತೂಗುತ್ತಿದ್ದರು. ಸುತ್ತ ನಿಂತ ಹುಡುಗರು ಮೊಬೈಲ್ ಹಿಡಿದು, ಮುಳ್ಳು ಎಲ್ಲಿಗೆ ಬಂತು ಎಂದು ಕೂಗಿ ಹೇಳುತ್ತಿದ್ದರು. ಹಿಂದಿನ ಸಂಜೆ ಗಂಡುಮಕ್ಕಳು ತುಳಿದು ಗಟ್ಟಿಯಾದ ಎರೆಮಣ್ಣಿಗೆ ಒಂದು ಕೊಡ ನೀರೂ ಹಾಕದೆ, ನೆತ್ತಿಯ ಮೇಲೆ ಬಿಸಿಲು ಬಂದಾಗ ಹುಡುಗಿಯರನ್ನು ಇಳಿಸಿದರು. ತೂಕಕ್ಕಾಗಿ ಊಟ ಬಿಟ್ಟು ಬಂದಿದ್ದ ಒಬ್ಬಳು ಮೊದಲ ರೇಡಿನಲ್ಲೇ ಕುಸಿದಳು.

ಪೆಂಡಾಲಿನ ಹಿಂದೆ ಆ ಹುಡುಗಿಗೆ ನಿಂಬೆಹಣ್ಣಿನ ಪಾನಕ ಕುಡಿಸುತ್ತ ಇವಳು ನನ್ನ ಕಡೆ ನೋಡಿ, "ಇವರ ಅವ್ವ-ಅಪ್ಪ ಬಂದು ಕೇಳೂದಿಲ್ಲ. ಆಡೂ ಹುಡುಗ್ಯಾರು ಕೇಳಿದ್ರ ಮುಂದಿನ ಸಲ ಕರಿಯೂದಿಲ್ಲ. ನಾವು ಆಡಿ ಬಿಟ್ಟವರು. ನಮ್ಮನ್ನ ಎಲ್ಲಿಂದ ತಗೀತಾರ?" ಎಂದಳು.

ಹೀಗೆ ಶುರುವಾಯಿತು. ಹಿಂದೆ ಜೊತೆಗೆ ಆಡಿದ ನಾಲ್ಕೈದು ಮಂದಿ ಸೇರಿದೆವು. ಅದರಲ್ಲಿ ಒಬ್ಬಳು ಅಂಗನವಾಡಿ ಟೀಚರ್, ಮಾತಿನಲ್ಲಿ ಜೋರು. ಟೂರ್ನಮೆಂಟ್ ಇದೆ ಎಂದು ತಿಳಿದ ಊರಿಗೆಲ್ಲ ಬಸ್ಸು ಹಿಡಿದು ಹೋಗಿ ಕಮಿಟಿಯವರನ್ನು ಕಾಣುತ್ತಿದ್ದೆವು. ನಾವು ಕೇಳಿದ್ದು ದೊಡ್ಡದೇನಲ್ಲ. ಹುಡುಗಿಯರನ್ನು ಕೋಣೆಯೊಳಗೆ ಹೆಂಗಸರೇ ತೂಗಬೇಕು. ತೂಗಲು ಎಲ್ಲ ತಂಡಕ್ಕೂ ಒಂದೇ ಕಾಟಾ. ಗಂಡುಮಕ್ಕಳ ಆಟದ ನಂತರ ಅಂಕಣಕ್ಕೆ ಹೊಸದಾಗಿ ನೀರು ಹೊಡೆದು ಮಣ್ಣು ಸಡಿಲ ಮಾಡಬೇಕು. ನಡು ಮಧ್ಯಾಹ್ನ ಆಡಿಸಬಾರದು.

"ಏನ್ರಿ ಅಕ್ಕಾರ, ಆಡೂ ವಯಸ್ಸು ಮುಗದಮ್ಯಾಲೆ ಆಟ ನೆನಪಾತೇನ್ರಿ?" ಎಂದು ಒಬ್ಬ ನಗುತ್ತಿದ್ದ. "ಹೆಣ್ಣಮಕ್ಕಳ ಆಟ ಇಟ್ಟದ್ದ ದೊಡ್ಡದು" ಎಂದು ಇನ್ನೊಬ್ಬ.

"ನೀವು ಇಟ್ಟದ್ದು ಪೆಂಡಾಲರಿ. ಆಟ ಅವರು ಆಡ್ಯಾರ" ಎನ್ನುತ್ತಿದ್ದಳು ಇವಳು.

ಕೆಲವರು ಒಪ್ಪಿದರು, ಕೆಲವರು ಚಹಾ ಕುಡಿಸಿ ಕಳಿಸಿದರು. ಎಲ್ಲಕ್ಕಿಂತ ಹೆಚ್ಚು ಜಗಳವಾದದ್ದು ನಾನು ಮದುವೆಯಾಗಿ ಬಂದ ಊರಿನಲ್ಲೇ. ಇಲ್ಲಿಯ ಕಮಿಟಿಯ ಅಧ್ಯಕ್ಷರು ಕಾಳಿನ ವ್ಯಾಪಾರಿ. ಅವರಿಗೂ ಇವಳಿಗೂ ಎಲ್ಲರೆದುರು ಮಾತಿಗೆ ಮಾತು ಬೆಳೆದಿತ್ತು. ಆದರೆ ಕೊನೆಗೆ ಇವಳು ತೂಕಕ್ಕೆ ಆರಿಸಿಕೊಂಡದ್ದು ಅವರದೇ ಕಾಟಾ. ಕಾಳಿನ ಚೀಲ ತೂಗುವ ಹಳೆಯ ಕಬ್ಬಿಣದ ಕಾಟಾ ಅದು. ಕೆಳಗೆ ಹಲಗೆ, ಮೇಲೆ ಅಡ್ಡ ದಂಡ, ದಂಡಕ್ಕೆ ನೇತುಹಾಕುವ ತೂಕದ ಬಟ್ಟು. "ಕರೆಂಟಿನ ಕಾಟಾ ಬ್ಯಾಡ. ಅದರ ಹೊಟ್ಟ್ಯಾಗ ಏನೈತಿ ಯಾರಿಗೆ ಗೊತ್ತು. ಇದು ಎಲ್ಲಾ ಬಿಚ್ಚಿಕೊಂಡು ನಿಂತೈತಿ" ಎಂದಳು. ಅಲ್ಲಿಂದ ಸುತ್ತಲಿನ ಹಳ್ಳಿಗಳ ಹುಡುಗಿಯರ ಟೂರ್ನಮೆಂಟಿಗೆಲ್ಲ ಆ ಕಾಟಾ ಟ್ರ್ಯಾಕ್ಟರಿನಲ್ಲಿ ಹೋಗುವುದು, ದಂಡದ ಬಳಿ ಇವಳು ನಿಲ್ಲುವುದು ರೂಢಿಯಾಯಿತು. ಐವತ್ತೈದರ ಬಟ್ಟು ಹಾಕಿ ಇಡುತ್ತಿದ್ದಳು. ಹುಡುಗಿ ಹಲಗೆ ಹತ್ತಿದಾಗ ದಂಡ ಮೇಲೆ ಎದ್ದರೆ ತೂಕ ಹೆಚ್ಚು, ಏಳದೆ ಇದ್ದರೆ ಪಾಸು. ಇವಳು ನಿಂತ ಮೇಲೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಅವಳು ಹೋಗಿ ಕೆಲವು ತಿಂಗಳಾದ ಮೇಲೆ, ಜೋಳ ತೆನೆ ಹಿರಿಯುವ ಹೊತ್ತಿಗೆ, ಅಧ್ಯಕ್ಷರು ನಮ್ಮ ಮನೆಗೆ ಬಂದರು. ಈ ಸಲದ ಹುಡುಗಿಯರ ಟೂರ್ನಮೆಂಟನ್ನು ಅವಳ ಹೆಸರಿನಲ್ಲಿ ಮಾಡುತ್ತೇವೆ, ಗೆದ್ದವರಿಗೆ ಕೊಡುವ ಢಾಲಿನ ಮೇಲೆ ಅವಳ ಹೆಸರು, ವೇದಿಕೆಯ ಮೇಲೆ ಅವಳ ಫೋಟೋ ಎಂದರು.

"ಆಕಿ ನಮ್ಮ ಕೂಡ ಜಗಳಾಡಿದ್ದು ಖರೆರಿ. ಆದರ ಆಟದ ಮ್ಯಾಲೆ ಆಕಿಗಿದ್ದ ಜೀವ ಯಾರಿಗಿತ್ತು?"

ನಾನು ಅವರ ಮುಖವನ್ನೇ ನೋಡಿದೆ. ಪಂಚಾಯ್ತಿ ಚುನಾವಣೆ ಹತ್ತಿರವಿತ್ತು. ಬೇಕೆಂದೇ ಅವಳ ಷರತ್ತುಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟೆ. ಹೆಂಗಸರೇ ತೂಗಬೇಕು. "ಆತ್ರಿ, ನೀವ ತೂಗ್ರಿ." ಅಂಕಣಕ್ಕೆ ನೀರು. "ಆತ್ರಿ." ಬೆಳಗಿನ ಹೊತ್ತಿಗೆ ಆಟ. "ಆತ್ರಿ." ಅವಳು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಪಡೆದದ್ದು ಅರ್ಧವಾದರೆ, ನಾನು ಒಂದು ಕಪ್ ಚಹಾ ಮುಗಿಯುವುದರೊಳಗೆ ಪೂರ್ತಿ ಪಡೆದೆ. ಅದೇ ನನಗೆ ಹಿಡಿಸಲಿಲ್ಲ. ಇಷ್ಟು ಸುಲಭವಾಗಿ ಕೊಡುವವರು ಇನ್ನೇನನ್ನೋ ಇಟ್ಟುಕೊಂಡಿರುತ್ತಾರೆ ಎಂದು ಅವಳಾದರೆ ಬಸ್ ಸ್ಟ್ಯಾಂಡಿನವರೆಗೂ ಗೊಣಗುತ್ತಿದ್ದಳು.

ನವಲಗುಂದಕ್ಕೆ ಹೋಗಿ ಅವಳ ಅಕ್ಕನನ್ನು ಕೇಳಿದೆ. ಆಪಾ ಎಂದೇ ನಾನು ಕರೆಯುವುದು. ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ ನನಗೆ ಬೆನ್ನು ಮಾಡಿ ಕೂತಿದ್ದರು. ದೊಡ್ಡ ಜಮಖಾನಕ್ಕೆ ಇಬ್ಬರು ಒಟ್ಟಿಗೆ ಕೂರಬೇಕು, ಅರ್ಧ ಒಬ್ಬರು, ಅರ್ಧ ಇನ್ನೊಬ್ಬರು. ಅಕ್ಕ-ತಂಗಿ ಹಾಗೆಯೇ ನೇಯುತ್ತಿದ್ದರು. ಈಗ ಆಪಾ ತಮ್ಮ ಕಡೆಯ ಸಾಲು ಮುಗಿಸಿ, ಹಲಗೆಯ ಮೇಲೆ ಸರಿದು, ತಂಗಿಯ ಕಡೆಯದನ್ನೂ ತಾವೇ ತುಂಬುತ್ತಿದ್ದರು.

"ಹೆಸರು ಇಡೂಣೇನು, ಆಪಾ?"

"ನೀ ಹೇಳು. ಮೈದಾನದಾಗ ಆಕಿ ನನ್ನಕಿಂತ ನಿನಗ ಹೆಚ್ಚು ಗೊತ್ತು." ಪಂಜಾ ಬಡಿದು, ಮತ್ತೆ ಹೇಳಿದರು: "ಆಕಿ ಇದ್ದಾಗ ಯಾರ ಬಾಯಾಗೂ ಹೆಸರು ಕೆಡಿಸಿಕೊಂಡಾಕಿ ಅಲ್ಲ. ಸತ್ತಮ್ಯಾಲೆ ಕೆಡಬಾರದು. ಅಷ್ಟ ನೋಡ್ಕೋ."

ನಾನು ಒಪ್ಪಿಗೆ ಕೊಟ್ಟೆ. ಅಲ್ಲಿಂದ ಟೂರ್ನಮೆಂಟಿನವರೆಗೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಅವಳ ಹೆಸರಿನ ಕೆಳಗೆ ಮೋಸ ನಡೆಯಬಾರದು.

ಅವತ್ತು ಬೆಳಗ್ಗೆ ಮಬ್ಬು ಹರಿಯುವ ಮೊದಲೇ ಹೋದೆ. ಅಂಕಣದ ಮಣ್ಣು ಹಿಡಿದು ನೋಡಿದೆ, ತೇವ ಇತ್ತು. ಗೆರೆಗಳ ಉದ್ದ ಹೆಜ್ಜೆ ಹಾಕಿ ನೋಡಿದೆ. ಅಂಪೈರ್ ಹೆಂಗಸು ಯಾವ ಊರಿನವಳು, ಯಾರ ಸಂಬಂಧಿ ಎಂದು ಇಬ್ಬರನ್ನು ಕೇಳಿದೆ. ಎಲ್ಲಿಯೂ ಏನೂ ಸಿಗಲಿಲ್ಲ. ಸಿಗದಿದ್ದಷ್ಟೂ ಮತ್ತೆ ಹುಡುಕಿದೆ. ಅಂಗನವಾಡಿಯವಳು ನನ್ನನ್ನು ನೋಡಿ, "ಏ, ನೀ ಆಕಿಗಿಂತ ಹೆಚ್ಚಿನ ಸಂಶಯದಾಕಿ ಆಗಾಕತ್ತಿ. ಇನ್ನ ಪೆಂಡಾಲಿನ ಗೂಟ ಎಣಸಬ್ಯಾಡ" ಎಂದಳು.

ಶಾಲೆಯ ಒಂದು ಕೋಣೆಯಲ್ಲಿ ಕಾಟಾ ಇಟ್ಟಿದ್ದರು. ಕಿಟಕಿಗೆ ಸೀರೆ ಕಟ್ಟಿದೆವು. ಹುಡುಗಿಯರು ಬರುವ ಮೊದಲು ನಾನೇ ಹಲಗೆ ಹತ್ತಿದೆ. ನನ್ನ ತೂಕ ನನಗೆ ಗೊತ್ತಿತ್ತು. ಸಕ್ಕರೆ ಕಾಯಿಲೆಗೆಂದು ಆಸ್ಪತ್ರೆಗೆ ಹೋದಾಗಲೆಲ್ಲ ತೂಗುತ್ತಾರೆ. ಅದಕ್ಕಿಂತ ಒಂದು ಕೆಜಿ ಮೇಲೆಯೇ ಕಡಿಮೆ ಬಂತು.

"ಇಳದೀನಿ" ಎಂದೆ.

"ಇಳೀದ ಏನು. ಆಕಿ ಹೋದಾಗಿಂದ ನೀ ಹೊಟ್ಟಿ ತುಂಬ ಉಂಡದ್ದ ನಾ ನೋಡಿಲ್ಲ" ಎಂದು ಅಂಗನವಾಡಿಯವಳು ನನ್ನ ತೋಳು ಹಿಸುಕಿದಳು. ಅವಳ ಕಣ್ಣು ತುಂಬಿದವು, ನನ್ನವೂ ತುಂಬಿದವು. ದುಃಖಕ್ಕೂ ಇಷ್ಟು ತೂಕ ಇರುತ್ತದೆ ಎಂದುಕೊಂಡು ಕೆಳಗಿಳಿದೆ. ಮಣ್ಣಿನ ಮೇಲೂ ಅಂಪೈರ್ ಮೇಲೂ ಸಂಶಯಪಟ್ಟ ನನಗೆ ಕಾಟಾದ ಮೇಲೆ ಸಂಶಯ ಬರಲಿಲ್ಲ. ಅದು ಅವಳ ಕಾಟಾ.

ತಂಡಗಳು ಒಂದೊಂದಾಗಿ ಬಂದವು. ಹುಡುಗಿಯರು ಬಳೆ, ಗೆಜ್ಜೆ, ಕೂದಲಿನ ಕ್ಲಿಪ್ಪನ್ನೂ ತೆಗೆದು ಹಲಗೆ ಹತ್ತುತ್ತಿದ್ದರು. ಒಬ್ಬಳಿಗೂ ದಂಡ ಏಳಲಿಲ್ಲ. ನಮ್ಮೂರ ತಂಡದಲ್ಲಿ ಮೈಕೈ ತುಂಬಿಕೊಂಡ ಇಬ್ಬರಿದ್ದರು. ಅವರಿಗೆ ದಂಡ ತುಸು ನಡುಗಿ ಅಲ್ಲೇ ನಿಂತಿತು. ಕೋಣೆ ತುಂಬ ನಗು. "ನಿನ್ನೆ ಮುಂಜಾನೆಯಿಂದ ಬರೇ ನೀರ ಮ್ಯಾಲೆ ಅದೀನ್ರಿ ಮಾವಶಿ, ಈಗ ಉಪ್ಪಿಟ್ಟು ತಿನ್ನಲಿ?" ಎಂದು ಒಬ್ಬಳು ಕೇಳಿ ಓಡಿದಳು.

ಕೊನೆಗೆ ಬಂದದ್ದು ಕಲಘಟಗಿ ತಾಲೂಕಿನ ಮಿಶ್ರಿಕೋಟಿ ಕಡೆಯ ತಂಡ. ಅವರೂ ಪಾಸಾದರು. ಅವರ ಜೊತೆ ಚೂಡಿದಾರ ಹಾಕಿದ ಒಬ್ಬಳು ಬಾಗಿಲಲ್ಲಿ ನಿಂತಿದ್ದಳು, ಎಲ್ಲರ ಬಳೆ-ಚಪ್ಪಲಿ ಕಾಯುತ್ತ.

"ನೀ ಆಡೂದಿಲ್ಲೇನ?" ಎಂದೆ.

ಕ್ಯಾಪ್ಟನ್ ಹೇಳಿದಳು: "ನಮ್ಮ ಚಲೋ ರೇಡರ್ ಇಕೀನರಿ. ಆಸ್ಪತ್ರಿ ಕಾಟಾದಾಗ ಅರ್ಧ ಕೆಜಿ ಏರಿದ್ಲು. ಅದಕ್ಕ ಬಿಟ್ಟೀವಿ. ಬ್ಯಾಡ ಅಂದ್ರೂ ನೋಡಾಕ ಬಂದಾಳ."

"ಇಲ್ಲೀತನ ಬಂದೇನಿ, ಕಾಟಾ ಹತ್ತಿ ನೋಡತೀನಿ ತಡೀರಿ" ಎಂದು ಆ ಹುಡುಗಿ ಚಪ್ಪಲಿ ಬಿಟ್ಟು, ಬಳೆ, ಗೆಜ್ಜೆ, ದುಪ್ಪಟ್ಟಾ ಸಮೇತ ಹಲಗೆ ಹತ್ತಿದಳು. ದಂಡ ಏಳಲಿಲ್ಲ.

ಕ್ಯಾಪ್ಟನ್ ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದಳು. "ರಾತ್ರಿ ಊಟ ಬಿಟ್ಟಿದ್ದೇನಲೇ?"

"ಎಲ್ಲಿದು. ಆಡೂದಿಲ್ಲ ಅಂದಮ್ಯಾಲೆ ಹೋಳಿಗಿ ಹೊಡದೇನಿ, ಎರಡಲ್ಲ ಮೂರು."

ನಾನು ಅವಳನ್ನು ಇಳಿಸಿ ಬಟ್ಟುಗಳನ್ನೆಲ್ಲ ತೆಗೆದೆ. ಹಲಗೆಯ ಮೇಲೆ ಏನೂ ಇಲ್ಲ, ದಂಡದ ಮೇಲೂ ಏನೂ ಇಲ್ಲ. ದಂಡ ಸಮ ನಿಲ್ಲಬೇಕಿತ್ತು. ತುದಿ ಕೆಳಗೆ ಬಿದ್ದೇ ಇತ್ತು. ದಂಡದ ಕೆಳಗೆ ಬೆರಳು ಆಡಿಸಿಕೊಂಡು ಹೋದೆ. ತುದಿಯಲ್ಲಿ ಒಂದು ಗಂಟು ಸಿಕ್ಕಿತು. ಎಣ್ಣೆ, ಧೂಳು ಕೂಡಿ ಕಬ್ಬಿಣದ ಬಣ್ಣವೇ ಆಗಿಹೋದ ಚಿಂದಿ ಬಟ್ಟೆ, ಒಳಗೆ ಹರಳು.

"ಅದು ಚೀಲದ ಗಂಟಲ್ಲೇನ" ಎಂದಳು ಅಂಗನವಾಡಿಯವಳು.

"ಹೌದು. ಚೀಲದ ಗಂಟು."

"ಮತ್ತ?"

"ಮತ್ತ ಏನು. ಈ ಹುಡುಗ್ಯಾರಿಗೆ ಚೀಲ ಎಲ್ಲೈತಿ?"

ನಮ್ಮ ಕಡೆ ಕಾಳು ತೂಗುವುದನ್ನು ನೋಡಿದವರಿಗೆಲ್ಲ ಆ ಗಂಟು ಗೊತ್ತು. ರೈತ ಹೆಸರನ್ನೋ ಕಡಲೆಯನ್ನೋ ಗೋಣಿಚೀಲದಲ್ಲಿ ತರುತ್ತಾನೆ. ಚೀಲದ ತೂಕ ಕಳೆಯಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು, ಬರಿ ಚೀಲವನ್ನು ಹಲಗೆಯ ಮೇಲಿಟ್ಟು ದಂಡ ಸಮ ಬರುವಂತೆ ತುದಿಗೆ ಹರಳಿನ ಗಂಟು ಕಟ್ಟಿಬಿಡುತ್ತಾರೆ. ದಂಡದ ತುದಿಯಲ್ಲಿ ಬೆರಳ ತುದಿಯಷ್ಟು ಭಾರ ಹಲಗೆಯ ಮೇಲೆ ಒಂದು ಚೀಲಕ್ಕೆ ಸಮ. ಅದರಲ್ಲಿ ಮೋಸವಿಲ್ಲ, ರೈತನೇ ನಿಂತು ಕಟ್ಟಿಸುತ್ತಾನೆ. ನನ್ನಪ್ಪನ ಜೊತೆ ಸಂತೆಗೆ ಹೋದಾಗಿನಿಂದ ನೋಡಿದ್ದೇನೆ. ಕಾಟಾ ಎಂದರೆ ಗಂಟು ಇರುವುದೇ. ಅದಕ್ಕೇ ಯಾರ ಕಣ್ಣಿಗೂ ಅದು ಕಂಡಿರಲಿಲ್ಲ. ಹತ್ತಿದ ಹುಡುಗಿಯರ ಮೈಯಿಂದೆಲ್ಲ ಇಲ್ಲದ ಚೀಲವೊಂದನ್ನು ಕಾಟಾ ಕಳೆದು ಕಳಿಸಿತ್ತು. ನನ್ನ ದುಃಖದ ತೂಕವೂ ಅಷ್ಟೇ ಆಗಿತ್ತು.

ಅಧ್ಯಕ್ಷರನ್ನು ಕರೆಸಿದೆವು. ಅವರು ಬಾಗಿಲ ಹೊರಗೇ ನಿಂತು ಕೇಳಿಸಿಕೊಂಡರು. ಮೈಕಿನಲ್ಲಿ ಆಗಲೇ ಅವಳ ಹೆಸರು ಹೇಳುತ್ತಿದ್ದರು.

"ಗಂಟು ಯಾವಾಗಲೂ ಇರ್ತೈತಲ್ರಿ ಅಕ್ಕಾರ. ಕಾಳಿನ ಕಾಟಾ ಅದು."

"ಇದು ಕಾಳಿಂದಲ್ಲ, ಕಬಡ್ಡಿ."

"ಎಲ್ಲಾರನ್ನೂ ಅದರ ಮ್ಯಾಲ ತೂಗೀರಿ. ಎಲ್ಲಾರಿಗೂ ಒಂದ. ಯಾರಿಗೆ ಏನು ಅನ್ಯಾಯ ಆತು?" ಸ್ವಲ್ಪ ತಡೆದು, ನಗುವಿನಂಥದನ್ನು ಮುಖದ ಮೇಲೆ ತಂದು ಹೇಳಿದರು: "ಮತ್ತ ಆಕಿನೂ ಇದರ ಮ್ಯಾಲ ತೂಗತಿದ್ಲು. ಇಷ್ಟು ವರ್ಷ. ಆಕಿ ಕಣ್ಣಿಗೆ ಬೀಳದ್ದು ನಿಮ್ಮ ಕಣ್ಣಿಗೆ ಬಿತ್ತೇನ್ರಿ?"

ಆ ಮಾತು ನನ್ನೊಳಗೆ ಎಲ್ಲಿ ತಗುಲಿತೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ತಕ್ಕಡಿಯ ತಳ ಎತ್ತಿ ನೋಡುತ್ತಿದ್ದವಳು ಈ ಗಂಟನ್ನು ನೋಡಿರಲಿಲ್ಲವೇ? ಅವಳು ಯಾವಾಗಲೂ ದಂಡದ ತುದಿಯ ಬಳಿಯೇ ನಿಲ್ಲುತ್ತಿದ್ದಳು. ದಂಡ ನಡುಗದಂತೆ ಬೆರಳು ಇಡುತ್ತೇನೆ ಎನ್ನುತ್ತಿದ್ದಳು.

ಅಂಗನವಾಡಿಯವಳು ನನ್ನನ್ನು ಒಳಗೆ ಎಳೆದಳು. "ಗಂಟು ಬಿಚ್ಚಬ್ಯಾಡ. ಇದ್ದಂಗ ಇರಲಿ. ಈ ಹೋಳಿಗಿ ಹುಡುಗೀನೂ ಆಡಲಿ, ಮುಗೀತು. ಎಲ್ಲಾರಿಗೂ ಒಂದು ಕೆಜಿ ಹೆಚ್ಚು, ಎಲ್ಲಾರೂ ಸಮ."

ಅದು ಸುಳ್ಳಲ್ಲ. ನಾನೂ ಒಂದು ಗಳಿಗೆ ಆ ಕಡೆ ವಾಲಿದೆ. ಆದರೆ ಈ ಹುಡುಗಿ ನೋಡಲು ಬಂದಿದ್ದಳು, ಅದಕ್ಕೆ ಸಿಕ್ಕಳು.

"ಮನ್ಯಾಗ ಬಿಟ್ಟು ಬಂದವರನ್ನ ಹ್ಯಾಂಗ ತೂಗತಿ?" ಎಂದೆ. "ಬ್ಯಾರೆ ತಂಡದಾಗೂ ಯಾರನ್ನೋ ಬಿಟ್ಟು ಬಂದಿರ್ತಾರ. ಈ ಕಾಟಾದಾಗ ಒಂದು ಕೆಜಿ ಬಿಡ್ತೈತಿ ಅಂತ ಗೊತ್ತಿದ್ದವರು ಭಾರ ಇದ್ದವರನ್ನ ತಂದಾರ. ಗೊತ್ತಿಲ್ಲದವರು ಬಿಟ್ಟು ಬಂದಾರ. ಅದು ಸಮ ಏನ?"

"ಗೊತ್ತಿದ್ದವರು ಅಂದ್ರ ಯಾರು?"

ನಾನು ಹೊರಗೆ ನೋಡಿದೆ. ನಮ್ಮೂರ ತಂಡ ಬಾವಿಯ ಕಟ್ಟೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿತ್ತು. ಅಂಗನವಾಡಿಯವಳೂ ಆ ಕಡೆ ನೋಡಿದಳು. ಟೇಬಲ್ ಮೇಲಿನ ಕತ್ತರಿ ತಂದು ಕೊಟ್ಟಳು.

ಗಂಟು ಕತ್ತರಿಸಿದೆ. ಬರಿ ದಂಡ ಸಮ ನಿಂತದ್ದನ್ನು ಎಲ್ಲ ಕ್ಯಾಪ್ಟನ್‌ಗಳಿಗೂ ತೋರಿಸಿ, ಮತ್ತೆ ಎಲ್ಲರನ್ನೂ ಕರೆದೆವು. ಈ ಸಲ ಕೋಣೆಯಲ್ಲಿ ಯಾರೂ ನಗಲಿಲ್ಲ. ತಿಂದ ಉಪ್ಪಿಟ್ಟಿನ ತೂಕ ಬಿಡಬೇಕು ಎಂದು ಒಬ್ಬಳು ಜಗಳ ತೆಗೆದಳು. ಅದು ನ್ಯಾಯವೇ ಆಗಿತ್ತು, ಅಂಚಿನಲ್ಲಿದ್ದವರಿಗೆ ಮಧ್ಯಾಹ್ನದವರೆಗೆ ಸಮಯ ಕೊಟ್ಟೆವು. ಆದರೂ ನಮ್ಮೂರ ಆ ಇಬ್ಬರು ಹೊರಗುಳಿದರು. ಅಣ್ಣಿಗೇರಿ ಕಡೆಯ ತಂಡದ ಒಬ್ಬಳೂ ಹೊರಗುಳಿದಳು. ಹೋಳಿಗೆ ತಿಂದ ಹುಡುಗಿಗೆ ದಂಡ ಅಗದಿ ಜೋರಾಗಿ ಎದ್ದಿತು. ಅವಳೊಬ್ಬಳೇ ನಕ್ಕವಳು.

ಹೊರಗುಳಿದ ನಮ್ಮೂರ ಇಬ್ಬರಲ್ಲಿ ಒಬ್ಬಳು ನನ್ನ ಮೈದುನನ ಮಗಳು. ಅಳಲಿಲ್ಲ. ಶೂ ಬಿಚ್ಚುತ್ತ, "ದೊಡ್ಡವ್ವಾ, ಆ ಕಾಟಾದಾಗ ಪಾಸ್ ಆಗತೈತಿ ಅಂತ ನಮಗ ಹೇಳಿದ್ರು" ಎಂದಳು.

"ಯಾರು ಹೇಳಿದ್ರು?"

"ಎಲ್ಲಾರೂ ಹೇಳ್ತಾರ. ಮೊದಲಿಂದ ಹೇಳ್ತಾರ. ಮನಿ ತೂಕಕ್ಕಿಂತ ಅಲ್ಲಿ ಕಡಿಮಿ ಬರ್ತೈತಿ, ಅಂಜಬ್ಯಾಡ್ರಿ ಅಂತ."

ಮೊದಲಿನಿಂದ ಎಂದರೆ ಎಂದಿನಿಂದ ಎಂದು ನಾನು ಕೇಳಲಿಲ್ಲ.

ಆಟ ಬಿಸಿಲೇರಿದ ಮೇಲೆ ಶುರುವಾಯಿತು, ಯಾವುದು ಆಗಬಾರದೆಂದು ಕೇಳಿದ್ದೆವೋ ಅದು ನಮ್ಮಿಂದಲೇ ಆಯಿತು. ನಮ್ಮೂರ ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಢಾಲು ಸಂಶಿಯಿಂದ ಬಂದವರ ಪಾಲಾಯಿತು. ಅಧ್ಯಕ್ಷರು ಮೈಕ್ ಹಿಡಿದು, ಹಿರಿಯ ಆಟಗಾರ್ತಿಯರು ಎರಡೆರಡು ಸಲ ತೂಗಿ ನ್ಯಾಯ ಮಾಡಿದ್ದಾರೆ, ತೀರಿಹೋದವರ ಆತ್ಮಕ್ಕೆ ಶಾಂತಿ ಸಿಕ್ಕಿದೆ ಎಂದರು. ಚಪ್ಪಾಳೆ ಬಿತ್ತು. ಅವರು ಗೊತ್ತಿದ್ದೇ ಕಾಟಾ ಕಳಿಸಿದ್ದರೋ, ರೂಢಿಯಂತೆ ಕಳಿಸಿದ್ದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಮೈದುನ ಆಮೇಲೆ ಬಹಳ ದಿನ ನಮ್ಮ ಅಂಗಳ ಬಳಸಿಕೊಂಡು ಹೋಗುತ್ತಿದ್ದ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಅಧ್ಯಕ್ಷರಲ್ಲ, ಮೈದುನನಲ್ಲ. ಅವಳಿಗೆ ಗೊತ್ತಿತ್ತೇ? ಕುಂದಗೋಳ ಕಡೆ ಕುಸಿದುಬಿದ್ದ ಆ ಹುಡುಗಿಯನ್ನು ನೋಡಿದ ದಿನದಿಂದ, ಹುಡುಗಿಯರು ಊಟ ಬಿಡುವುದನ್ನು ಅವಳು ಸಹಿಸುತ್ತಿರಲಿಲ್ಲ. ಯಾರಿಗೂ ಹೇಳದೆ ಒಬ್ಬೊಬ್ಬಳಿಗೂ ಒಂದು ಹೊತ್ತಿನ ಊಟದಷ್ಟು ತೂಕ ಬಿಟ್ಟುಕೊಟ್ಟಿರಬಹುದೇ? ಹಾಗಿದ್ದರೆ ನನಗಾದರೂ ಯಾಕೆ ಹೇಳಲಿಲ್ಲ? ಯಾರನ್ನೂ ಸುಮ್ಮನೆ ನಂಬದವಳು ನನ್ನನ್ನೂ ನಂಬಿರಲಿಲ್ಲವೇ? ಅಥವಾ ಎಲ್ಲರಂತೆ ಅವಳಿಗೂ ಕಾಣಲೇ ಇಲ್ಲವೇ? ಒಂದು ದಿನ ಒಂದನ್ನು ನಂಬುತ್ತಿದ್ದೆ, ಮರುದಿನ ಇನ್ನೊಂದನ್ನು. ಬ್ಲೌಸಿನ ತೋಳು ತಿರುಗುಮುರುಗು ಹೊಲಿದು ಬಿಚ್ಚಿದ್ದೂ ಉಂಟು. ಸತ್ತವರ ಮೇಲೆ ಸಂಶಯ ಪಡುವುದು ಕೆಟ್ಟ ಕೆಲಸ. ಅವರು ಎದುರು ಬಂದು ಬೈಯುವುದೂ ಇಲ್ಲ.

ತಡೆಯಲಾಗದೆ ನವಲಗುಂದಕ್ಕೆ ಹೋಗಿ ಆಪಾ ಎದುರು ಎಲ್ಲ ಹೇಳಿದೆ. ಅವರು ಕೈಯಲ್ಲಿನ ನೂಲು ಬಿಡದೆ ಕೇಳಿದರು.

"ಆಕಿಗೆ ಗೊತ್ತಿರಲಿಲ್ಲ ಅಂದ್ರ ಆಕಿ ಕುರುಡಿ. ಗೊತ್ತಿತ್ತು ಅಂದ್ರ ಕಳ್ಳಿ. ನಿನಗ ಯಾವುದು ಬೇಕು, ತಗೋ."

"ನನಗ ಎರಡೂ ಬ್ಯಾಡ, ಆಪಾ."

"ಬ್ಯಾಡ ಅಂದ್ರ ಹ್ಯಾಂಗ. ಒಂದು ಆಗಿರಬೇಕಲ್ಲ." ಅವರು ತಂಗಿಯ ಕಡೆಯ ಜಾಗಕ್ಕೆ ಸರಿದು ಕೂತರು. "ನಾನೂ ಆಕಿನ್ನ ಬಾಜೂಕ ಕೂಡಿಸಿಕೊಂಡ ನೇದಾಕಿ. ಬಣ್ಣ ತಪ್ಪಿದ್ರ ಆಕಿ ನನ್ನ ಸಾಲು ಬಿಚ್ಚಸ್ತಿದ್ಲು. ಆಕಿ ಸಾಲು ನಾ ಎಂದೂ ನೋಡಲಿಲ್ಲ. ಆಕೀದ ತಪ್ಪಂಗಿಲ್ಲ ಅಂತ. ಮೊನ್ನೆ ನೋಡಿದೆ. ಅಲ್ಲಲ್ಲಿ ತಪ್ಪ್ಯಾವ."

ಚಹಾ ಮಾಡಿಕೊಟ್ಟರು. ಇಬ್ಬರೂ ಕುಡಿದೆವು. ಹೆಸರು ತೆಗೆಸಬೇಕೇನು ಎಂದು ನಾನು ಕೇಳಿದೆ. ಅದನ್ನು ತಾವು ಹೇಳುವುದಿಲ್ಲ ಎಂದರು.

ಈ ವರ್ಷವೂ ಅವಳ ಹೆಸರಿನಲ್ಲೇ ಮಾಡುತ್ತೇವೆ ಎಂದು ಅಧ್ಯಕ್ಷರಿಂದ ಮತ್ತೆ ಮಾತು ಬಂದಾಗ, ನಾವು ಹಳಬರು ಅಂಗನವಾಡಿಯಲ್ಲಿ ಸೇರಿದೆವು. ನಾನು ಹೇಳಿದೆ: ಹೆಸರು ಇರಲಿ. ಕಾಟಾ ಯಾರದಾದರೂ ಆಗಲಿ. ಆದರೆ ತೂಗುವ ಮೊದಲು ಹೊರಗಿನ ತಂಡದ ಇಬ್ಬರು ಕ್ಯಾಪ್ಟನ್‌ಗಳು ಬಂದು ಬರಿ ಕಾಟಾ ಮುಟ್ಟಿ ನೋಡಬೇಕು. ತೂಗುವಾಗ ನಮ್ಮ ಕೈ ಎಲ್ಲಿದೆ ಎಂದೂ ನೋಡಬೇಕು.

"ನಮ್ಮನ್ನ ಯಾಕ ನೋಡಬೇಕು?" ಅಂಗನವಾಡಿಯವಳಿಗೆ ಸಿಟ್ಟು ಬಂತು. "ನಾವು ಇದರ ಸಲುವಾಗಿ ಚಪ್ಪಲಿ ಹರಕೊಂಡವರು."

"ಆಕಿನೂ ಹರಕೊಂಡಿದ್ಲು. ಆಕಿ ಎಲ್ಲಾರನ್ನ ನೋಡ್ತಾಳ ಅಂತ ನಾವು ಆಕಿನ್ನ ನೋಡೂದ ಬಿಟ್ಟಿವಿ."

ಅವಳು ಎದ್ದು ಚಾಪೆ ಸುತ್ತಿದಳು. ಆಮೇಲೆ, "ಆಕಿ ಇದ್ದಿದ್ರ ಈ ಮಾತಿಗೆ ನಿನ್ನ ಕೂಡ ಮಾತು ಬಿಡ್ತಿದ್ಲು" ಎಂದಳು.

"ಬಿಡ್ಲಿ" ಎಂದೆ.

ಈಚೆಗೆ ಅಣ್ಣಿಗೇರಿಯ ಹತ್ತಿರ ಶಾಲೆಯ ಹುಡುಗಿಯರದೊಂದು ಸಣ್ಣ ಟೂರ್ನಮೆಂಟ್ ಆಯಿತು. ನಮ್ಮನ್ನು ತೂಕಕ್ಕೆ ಕರೆದಿದ್ದರು. ಹೊರಗಿನ ತಂಡದ ಕ್ಯಾಪ್ಟನ್, ಎರಡು ಜಡೆಯ ಪುಟ್ಟ ಹುಡುಗಿ, ಹಿರಿಯರೆದುರು ಹೇಗೆ ಮಾಡುವುದೆಂದು ನಾಚಿಕೊಂಡು ನಿಂತಳು. ಹೆದರಬೇಡ ಎಂದೆ. ಅವಳು ದಂಡದ ಮೇಲೆ, ಕೆಳಗೆ, ತುದಿಯಲ್ಲಿ ಬೆರಳು ಆಡಿಸಿದಳು. ಕೂತು ಹಲಗೆಯ ಅಡಿ ನೋಡಿದಳು. ಎದ್ದು ಕೈ ಒರೆಸಿಕೊಂಡು, ನನ್ನ ಮುಖ ನೋಡದೆ, "ಮಾವಶಿ, ನೀವು ಒಂದೀಟ ಹಿಂದ ಸರೀರಿ. ಕೈ ತಾಗಾಕತ್ತೈತಿ" ಎಂದಳು.

ನಾನು ಹಿಂದೆ ಸರಿದೆ.